ಹಸಿ ಕೋಲು, ಒಣ ಕೋಲು

ಗಾಳದ ರೀಲು ಬಿಚ್ಚಿದರೆ ಸೀನು ಬರುವ ಮನೆ ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ನಿನ್ನೆ ಬೆಳಿಗ್ಗೆ ಅಟ್ಟದ ಸಾಮಾನು ಇಳಿಸುತ್ತಿದ್ದೆ. ಹಳೆಯ ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿದ್ದ, ಅಂಗೈ ತುಂಬುವಷ್ಟು ಅಗಲದ, ಒಳ್ಳೆಯ ತೂಕದ ವಸ್ತುವೊಂದು ಕೈಗೆ ಬಂತು. ಇಷ್ಟು ಜೋಪಾನ ಮಾಡಿದ್ದಾರೆಂದರೆ ಅತ್ತೆಯವರ ಕಾಲದ ಬೆಳ್ಳಿಯದೇ ಏನೋ ಇರಬೇಕು ಎಂದು ಏಣಿಯ ಮೇಲೆ ನಿಂತೇ ಗಂಟು ಬಿಚ್ಚಿದೆ. ಬೆಳ್ಳಿಯಲ್ಲ, ರೀಲು. ಮೀನು ಹಿಡಿಯುವ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ಕರಿಯ ಚಕ್ರ. ಮುಖದ ಹತ್ತಿರ ತಂದದ್ದೇ ತಡ, ಏಣಿ ಅಲ್ಲಾಡುವ ಹಾಗೆ ಸೀನು ಹತ್ತಿಕೊಂಡಿತು. ಪಡಸಾಲೆಯಿಂದ ನಮ್ಮ ಮನೆಯವರ ದನಿ ಬಂತು: "ಸಿಕ್ತೇನು ನನ್ನ ರೀಲು?"

ಬ್ಯಾಡಗಿಯಲ್ಲಿ ಸೀನು ಸುದ್ದಿಯಲ್ಲ ಬಿಡಿ. ಹೊಸ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿಗೆ ಬಂತೆಂದರೆ, ರೈಲು ಇಳಿದವರು ಸ್ಟೇಷನ್ನಿನ ಹಲಗೆ ಓದಬೇಕಾಗಿಲ್ಲ, ಊರು ಯಾವುದೆಂದು ಮೂಗೇ ಹೇಳುತ್ತದೆ. ಹೊರಟಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕುಳಿತು ಏಳಬೇಕೆಂಬ ಪದ್ಧತಿ ಎಲ್ಲ ಕಡೆ ಇದೆ. ನಮ್ಮೂರಲ್ಲಿ ಅದನ್ನು ಪಾಲಿಸಿದರೆ ಸಂಕ್ರಾಂತಿಗೆ ಕುಳಿತವರು ಯುಗಾದಿಗೆ ಏಳಬೇಕಾದೀತು. ನಾನು ರಾಣೆಬೆನ್ನೂರಿನವಳು, ತವರಿನಲ್ಲಿ ಬೀಜದ ಅಂಗಡಿ. ಬೀಜದವರ ಮನೆಯಿಂದ ಕಾಯಿಯವರ ಮನೆಗೆ ಬಂದ ಹೊಸದರಲ್ಲಿ ನಾನು ಸೀನುತ್ತಿದ್ದ ರೀತಿ ನೋಡಿ ನಮ್ಮ ಅತ್ತೆಯವರು, "ಹುಡುಗಿಗೆ ನೆಗಡಿ ಐತಿ ಅಂತ ನೋಡಾಕ ಹೋದಾಗ ಯಾರೂ ಹೇಳಲಿಲ್ಲಲ್ಲ" ಎಂದು ನೆರೆಯವರ ಮುಂದೆ ಬೇಸರಪಟ್ಟಿದ್ದರಂತೆ. ಆಮೇಲೆ ಹಾವೇರಿಯ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತು. ಹಗಲು ಹಾವೇರಿ, ರಾತ್ರಿ ಬ್ಯಾಡಗಿ, ಹಬ್ಬಕ್ಕೆ ರಾಣೆಬೆನ್ನೂರು ಎಂದು ಮೂಗಿಗೂ ಪಾಳಿ ಬಿದ್ದಿತು.

ನಮ್ಮ ಮನೆಯವರು ಮೆಣಸಿನಕಾಯಿ ದಲಾಲರು. ಅವರ ಅಪ್ಪನೂ ಅದೇ, ಅಜ್ಜನೂ ಅದೇ. ರೈತ ತಂದ ಮಾಲನ್ನು ಅಂಗಡಿಯ ಮುಂದೆ ರಾಶಿ ಹಾಕಿಸಿ, ಕೊಳ್ಳುವವರಿಗೆ ತೋರಿಸಿ, ಇಬ್ಬರ ನಡುವೆ ನಿಂತು ತಮ್ಮ ಪಾಲು ತೆಗೆದುಕೊಳ್ಳುವ ಕಸುಬು. ಅದರಲ್ಲಿ ಇವರ ಕೈಗೆ ಹೆಸರಿತ್ತು. ರಾಶಿಯೊಳಗೆ ಮೊಣಕೈ ತನಕ ಕೈ ಇಳಿಸಿ ಒಂದು ಕಾಯಿ ಎಳೆಯುವರು. ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವರು. ಆಮೇಲೆ ಎರಡು ಬೆರಳಲ್ಲಿ ಹಿಡಿದು ಬಗ್ಗಿಸುವರು. ಗರಕ್ಕನೆ ಮುರಿದರೆ ಒಣಗಿದ ಮಾಲು. ಮುರಿಯದೆ ಬಾಗಿ ಮತ್ತೆ ನೆಟ್ಟಗಾದರೆ ಹಸಿ ಇದೆ, ತೂಕಕ್ಕೆಂದು ಯಾರೋ ನೀರು ಹೊಡೆದಿದ್ದಾರೆ ಎಂದು ಅರ್ಥ. "ಬಾಗೂ ಕಾಯಿ ನಂಬಬ್ಯಾಡ" ಎಂಬುದು ಮಾವನವರು ಇವರಿಗೆ ಬಿಟ್ಟುಹೋದ ಆಸ್ತಿ. ಈಗೀಗ ಧಾರಣೆ ಕಂಪ್ಯೂಟರಿನಲ್ಲಿ ಬರುತ್ತದೆ. ಆದರೂ "ಸಾಹುಕಾರ್ರ, ಇದೊಂದೀಟು ನೋಡ್ರಿ" ಎಂದು ಇವರನ್ನು ತೋಳು ಹಿಡಿದು ಎಳೆದುಕೊಂಡು ಹೋಗುವವರಿಗೆ ಕೊರತೆ ಇರಲಿಲ್ಲ. ಊಟ ತಡವಾದರೆ ತಡೆಯುತ್ತಿದ್ದರು, ಆ ಕರೆ ತಡವಾದರೆ ತಡೆಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಇವರಿಗೆ ಕೆಮ್ಮು ಹತ್ತಿತು. ಸೀಜನ್ ಮುಗಿದರೆ ಹೋಗುತ್ತದೆ ಎಂದರು. ಸೀಜನ್ ಮುಗಿಯಿತು, ಕೆಮ್ಮು ಇವರ ಜೊತೆ ಅಂಗಡಿಯ ಗಾದಿಯ ಮೇಲೆ ಕುಳಿತೇ ಇತ್ತು. ಹಾವೇರಿಯಲ್ಲಿ ನಮ್ಮ ಕಚೇರಿಯ ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸಾಹುಕಾರ್ರ, ಗಾದಿ ಮ್ಯಾಲೆ ಕುಂತದ್ದು ಸಾಕು. ಇನ್ನೊಂದೆರಡು ಸೀಜನ್ ಆ ಧೂಳು ಕುಡಿದ್ರಿ ಅಂದ್ರ ಉಸಿರು ಹೊರಗ ಬರತೈತಿ, ತಿರುಗಿ ಒಳಗ ಹೋಗೂದಿಲ್ಲ. ಕೆರಿ ದಂಡಿಗೋ ಹೊಳಿ ದಂಡಿಗೋ ಹೋಗಿ ನಿಂದರ್ರಿ. ಏನರ ಒಂದು ಹವ್ಯಾಸ ಹಚ್ಗೋರಿ." ಆಮೇಲೆ ನನ್ನ ಕಡೆ ತಿರುಗಿ, "ಬಾಯಾರ, ಇವ್ರಿಗೆ ಯಾರ್ಡಿನ ಬಾಗಿಲಾ ದಾಟಾಕ ಬಿಡಬ್ಯಾಡ್ರಿ" ಎಂದರು. ಹಿಂತಿರುಗುವ ಬಸ್ಸಿನಲ್ಲಿ ನಾನು ಅವರ ಉಸಿರನ್ನೇ ಕೇಳುತ್ತ ಕುಳಿತಿದ್ದೆ. ನನಗೆ ಹೆದರಿಕೆಯಾಗಿತ್ತು. ಅವರು ಕಿಟಕಿಯಿಂದ ಹೊಲ ನೋಡುತ್ತ, "ಈ ಸಲ ಕಾಯಿ ಚಲೋ ಬಂದೈತಿ" ಎಂದರು.

ಅಂಗಡಿಯನ್ನು ಮೈದುನ ಈರಣ್ಣ ನೋಡಿಕೊಳ್ಳಲು ಒಪ್ಪಿದ. ಎಷ್ಟು ಬೇಗ ಒಪ್ಪಿದನೆಂದರೆ, ಇವರು ಗಾದಿಯಿಂದ ಏಳುವುದರೊಳಗೆ ಅವನು ಕುಳಿತಿದ್ದ. ಇವರು ಮನೆಯಲ್ಲಿ ಉಳಿದರು. ಗಂಡಸು ಹಗಲೆಲ್ಲ ಮನೆಯಲ್ಲಿದ್ದರೆ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಅಡಿಗೆಮನೆಗೆ ಬಂದು ಬೀನ್ಸ್ ಮುರಿದು ನೋಡುವರು. ಹಪ್ಪಳ ಬಗ್ಗಿಸಿ ನೋಡುವರು. ಚಪಾತಿ ಹಿಡಿದು, "ಇದು ಹಸಿ ಐತಿ" ಎನ್ನುವರು. ಖಡಕ್ ರೊಟ್ಟಿಯೊಂದೇ ಅವರ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಬೆಳಿಗ್ಗೆ ವಾಕಿಂಗಿಗೆ ಕಳಿಸಿದರೆ ಕಾಲುಗಳು ರೂಢಿಯ ದಾರಿ ಹಿಡಿದು ಯಾರ್ಡಿಗೇ ಹೋಗುತ್ತಿದ್ದವು. ಕಣ್ಣು ಕೆಂಪಗೆ ಮಾಡಿಕೊಂಡು, ಕೆಮ್ಮುತ್ತ ಬಂದು, "ಚಾ ಕುಡಿಯಾಕ ಹೋಗಿದ್ದೆ" ಎನ್ನುವರು. ಊರಲ್ಲಿ ಬೇರೆಲ್ಲೂ ಚಹಾ ಸಿಗುವುದಿಲ್ಲವೆಂದು ನಾನು ಆಗ ತಿಳಿದುಕೊಂಡೆ.

ಹೀಗಿರುವಾಗ ಒಂದು ಸಂಜೆ ಅವರು ಫೋನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಯಾವುದೋ ತಣ್ಣನೆಯ ದೇಶ. ಒಬ್ಬ ಬಿಳಿ ಗಡ್ಡದ ಮುದುಕ ಮೊಣಕಾಲುದ್ದ ಹೊಳೆಯಲ್ಲಿ ನಿಂತು ಉದ್ದನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ದಾರ ಗಾಳಿಯಲ್ಲಿ ರಂಗೋಲಿ ಎಳೆದ ಹಾಗೆ ಹೋಗಿ ನೀರಿನ ಮೇಲೆ ಕುಳಿತಿತು. ತುದಿಯಲ್ಲಿ ಪುಕ್ಕ, ನೂಲು ಕಟ್ಟಿ ಮಾಡಿದ ಸುಳ್ಳು ನೊಣ. ಮೀನು ಅದಕ್ಕೆ ಮೋಸಹೋಯಿತು. ಮುದುಕ ಅದನ್ನು ಹಿಡಿದು, ಹೊರಳಿಸಿ, ಕಣ್ತುಂಬ ನೋಡಿ, ತಿರುಗಿ ನೀರಿಗೆ ಬಿಟ್ಟ.

"ನೋಡಿಲ್ಲೆ. ತಿನ್ನೂದಿಲ್ಲ, ಕೊಲ್ಲೂದಿಲ್ಲ. ಹಿಡಿದು ಬಿಡತಾರ."

"ತತ್ತಿ ಒಳಗ ಬಂದ್ರ ಮನಿ ತೊಳಿಯೂ ಮಂದಿ ನಾವು. ನಮಗ್ಯಾಕ್ರಿ ಮೀನಿನ ಉಸಾಬರಿ? ಬಿಡೂದಿದ್ರ ಹಿಡಿಯೂದ್ಯಾಕ?"

"ಇಷ್ಟು ವರ್ಷ ನಾ ಮಾಡಿದ್ದೇನು?" ಎಂದರು ಅವರು. "ಲಾರಿಗಟ್ಟಲೆ ಕಾಯಿ ಕೈಯಾಗ ಹಿಡಿದೇನಿ. ಒಂದರ ಮನಿಗೆ ತಂದೇನೇನು? ಹಿಡಿದು, ನೋಡಿ, ಬಿಟ್ಟೇನಿ."

ಖರೇ ಹೇಳಬೇಕೆಂದರೆ ನಮ್ಮ ಮನೆಗೆ ಮೆಣಸಿನಕಾಯಿ ಬರುವುದು ಮೂಲೆಯ ಕಿರಾಣಿ ಅಂಗಡಿಯಿಂದ. ಡಾಕ್ಟರು ಹೇಳಿದ ನೀರಿನ ದಂಡೆಯೂ ಇದರಲ್ಲಿತ್ತು, ಹವ್ಯಾಸವೂ ಇತ್ತು. ಮೀನು ಮುಟ್ಟಿದ ಕೈಯಿಂದ ವಿಭೂತಿ ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ, ಕೆರೆಯ ನೀರಿನಲ್ಲೇ ಇರುವುದನ್ನು ಮುಟ್ಟಿ ಕೆರೆಯ ನೀರಿನಲ್ಲೇ ಕೈ ತೊಳೆದರೆ ಲೆಕ್ಕ ಸರಿಹೋಯಿತು ಎಂದು ಅವರೇ ತೀರ್ಪು ಕೊಟ್ಟುಕೊಂಡರು. ನಾನು ಒಪ್ಪಿದೆ. ಬಜೆಟ್ ಮಾತ್ರ ನನ್ನದು. ಕೋಲು, ರೀಲು, ದಾರ ಎಲ್ಲ ಸೇರಿ ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆ ದಾಟಬಾರದು. ದಾಟಿದರೆ ದಾಟಿದಷ್ಟಕ್ಕೆ ನನಗೂ ಸೀರೆ ಬರಬೇಕು. ಅವರು ತಕ್ಷಣ "ಆತು" ಎಂದರು. ದಲಾಲ ತಕ್ಷಣ "ಆತು" ಎಂದರೆ ಎಚ್ಚರ ವಹಿಸಬೇಕೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಹೊಳೆಯಬೇಕಾಗಿತ್ತು.

ಮೊದಲ ಸಲ ಕೋಲು ಕೊಳ್ಳುವವರಿಗೆ ಫೋನಿನಲ್ಲಿ ಉಪದೇಶಕ್ಕೆ ಬರವಿಲ್ಲ. ನಾನು ಎಲ್ಲ ಓದಿದೆ, ಕಡತ ಓದುವ ಅಭ್ಯಾಸ ನೋಡಿ. ತಿರುಳು ಇಷ್ಟು: ಸುಳ್ಳು ನೊಣಕ್ಕೆ ತೂಕವಿಲ್ಲ, ಆದ್ದರಿಂದ ಎಸೆಯುವುದು ನೊಣವನ್ನಲ್ಲ, ದಾರವನ್ನು. ದಾರದ ಭಾರಕ್ಕೆ ಕೋಲು ಬಾಗಬೇಕು, ಬಾಗಿ ಎದ್ದಾಗ ದಾರ ಮುಂದೆ ಓಡುತ್ತದೆ. ಕೋಲಿಗೂ ದಾರಕ್ಕೂ ನಂಬರು ಇರುತ್ತದೆ. ಎರಡೂ ಒಂದೇ ಇರಬೇಕು. ಹೊಸಬರಿಗೆ ಐದನೇ ನಂಬರು ಸಾಕು. ದುಡ್ಡಿದ್ದರೆ ಕೋಲಿಗೆ ಹಾಕಿ, ಉಳಿದರೆ ದಾರಕ್ಕೆ ಹಾಕಿ. ರೀಲು ಎಂಬುದು ದಾರ ಸುತ್ತಿಡುವ ಗಾಲಿಯಷ್ಟೇ, ಅದಕ್ಕೆ ಸುರಿಯಬೇಡಿ. ನಂಬರು ಕೂಡಿಸುವುದನ್ನು ಓದಿ ನನಗೆ ನಗು ಬಂತು. ನಮ್ಮಿಬ್ಬರ ಜಾತಕ ಕೂಡಿಸುವಾಗ ಇಷ್ಟು ಕಟ್ಟುನಿಟ್ಟು ಮಾಡಿದ್ದರೆ ನಾನು ರಾಣೆಬೆನ್ನೂರಿನಲ್ಲೇ ಇರುತ್ತಿದ್ದೆ.

ಇನ್ನೊಂದು ಮಾತು. ಮೂರು ದರಪಟ್ಟಿ ಇಲ್ಲದೆ ನಮ್ಮ ಕಚೇರಿಯಲ್ಲಿ ಕಸಬರಿಗೆಯನ್ನೂ ಕೊಳ್ಳುವುದಿಲ್ಲ. ಗಾಳದ ಕೋಲಿಗೂ ಮೂರು ದರಪಟ್ಟಿ ತರಿಸಬೇಕೆಂದು ನಾನು ಹಟ ಹಿಡಿದೆ. ಹಾವೇರಿಯ ಆಟದ ಸಾಮಾನಿನ ಅಂಗಡಿಯವನು ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿ, "ಕ್ಯಾರಂ ಬೋರ್ಡ್ ಕೊಡ್ಲೇನ್ರಿ ಮೇಡಂ, ವಯಸ್ಸಾದವ್ರಿಗೆ ಅದ ಚಲೋ" ಎಂದ. ಅದು ಮೊದಲನೆಯ ದರಪಟ್ಟಿ. ಎರಡನೆಯದು ಫೋನಿನಲ್ಲಿ ನೋಡಿದ್ದು. ಕೋಲೊಂದೇ ಎರಡು ಸೀರೆ ನುಂಗುತ್ತಿತ್ತು. ಮೂರನೆಯದು ನಮ್ಮಣ್ಣನ ಬೀಜದ ಅಂಗಡಿಯ ಸಾಲಿನಲ್ಲೇ ಇದ್ದ, ಬಲೆ, ಹಗ್ಗ, ತಾಡಪತ್ರಿ ಮಾರುವ ರಾಣೆಬೆನ್ನೂರಿನ ಅಂಗಡಿ. ಹೊಳೆಯ ಮೀನುಗಾರರೆಲ್ಲ ಅಲ್ಲಿಗೇ ಬರುವವರು. ಅದರ ಮಾಲೀಕ ನಮ್ಮ ಬೇಡಿಕೆ ಕೇಳಿ ಹುಬ್ಬೇರಿಸಿದರೂ, "ಎಂಟು ದಿನ ಬಿಟ್ಟು ಬರ್ರಿ, ತರಿಸಿಡ್ತೇನಿ" ಎಂದ.

ಎಂಟು ದಿನ ಬಿಟ್ಟು ಹೋದೆವು. ಐದನೇ ನಂಬರಿನ ಎರಡು ಕೋಲು ಜೋಡಿಸಿ ಇಟ್ಟಿದ್ದ. ನಮ್ಮ ಮನೆಯವರು ಒಂದನ್ನು ಎತ್ತಿದರು. ಬಣ್ಣ ನೋಡಿದರು. ಮೂಸಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಮಾಲೀಕ ನನ್ನ ಮುಖ ನೋಡಿದ. ನಾನು ಬಲೆಗಳನ್ನು ನೋಡತೊಡಗಿದೆ. ಆಮೇಲೆ ಇವರು ಕೋಲಿನ ತುದಿ ಹಿಡಿದು ಬಗ್ಗಿಸಿದರು. ಅದು ಬಾಗಿ, ಬಿಟ್ಟೊಡನೆ ಎದ್ದು ನಿಂತಿತು.

"ಇದು ಬಾಗತೈತಿ" ಎಂದರು.

"ಬಾಗಬೇಕ್ರಿ. ಅದಕ್ಕ ಇರೂದು ಅದು."

ಇವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹಸಿ ಮಾಲು ಮಾರುವವನು ಇನ್ನೇನು ಹೇಳುತ್ತಾನೆ ಎಂಬ ಅರ್ಥ. ಎರಡನೆಯದನ್ನೂ ಬಗ್ಗಿಸಿದರು. "ಇದನ್ನಂತೂ ನೀರಾಗ ಅದ್ದಿ ತಂದಂಗೈತಿ." ನಾನು ಮೆಲ್ಲಗೆ, "ರೀ, ಬಾಗಬೇಕು ಅಂತ ಫೋನಿನ್ಯಾಗೂ ಬರದಾರ" ಎಂದೆ. "ಬರದಾಂವ ಯಾರು? ಮಾರಾಂವ" ಎಂದರು. ಅಷ್ಟರಲ್ಲಿ ಅವರ ಕಣ್ಣು ಮೂಲೆಗೆ ಹೋಯಿತು. ತಾಡಪತ್ರಿಯ ಹಿಂದೆ ಒಂದು ದಪ್ಪನೆಯ ಕರಿ ಕೋಲು ನಿಂತಿತ್ತು.

"ಅದು ಸಮುದ್ರದ್ದರಿ, ಹತ್ತನೇ ನಂಬರ್" ಎಂದ ಮಾಲೀಕ. "ಒಬ್ರು ಸಾಹೇಬ್ರಿಗೆ ಕಾರವಾರಕ್ಕ ವರ್ಗ ಆಗಿತ್ತು, ತರಿಸಿದ್ರು. ವರ್ಗ ರದ್ದಾತು, ಒಯ್ಯಲೇ ಇಲ್ಲ. ಅದು ನಿಮಗಲ್ಲ ಬಿಡ್ರಿ."

ದಲಾಲನ ಮುಂದೆ ಆಡಬಾರದ ಮಾತು ಒಂದಿದ್ದರೆ ಅದು ಇದೇ. ಒಳ್ಳೆಯ ಮಾಲನ್ನು ಹಿಂದೆ ಮುಚ್ಚಿಟ್ಟು ಹಸಿ ಮಾಲನ್ನು ಮುಂದೆ ಹಾಕುವುದು ಯಾರ್ಡಿನ ಹಳೆಯ ಕಥೆ. ಇವರು ಹೋಗಿ ಆ ಕೋಲನ್ನು ಎರಡೂ ಕೈಯಿಂದ ಹಿಡಿದು ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ಮುಖದ ಮೇಲೆ ಬಹಳ ದಿನಗಳಿಂದ ಕಾಣದಿದ್ದ ಕಳೆ ಬಂತು. "ಇದು ಒಣಗಿದ ಮಾಲು" ಎಂದರು. ಮಾಲೀಕನ ಮುಖದಲ್ಲಿ ಮೊದಲು ಮರುಕ ಕಂಡಿತು. ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಮಾಲು ಹೋಗುತ್ತಿದೆಯೆಂದು ತಿಳಿದ ಮೇಲೆ ಮರುಕ ಮಾಯವಾಯಿತು. ರೀಲನ್ನೂ ಇವರು ಕೈಯಲ್ಲಿ ತೂಗಿ ನೋಡಿ ಎಲ್ಲಕ್ಕಿಂತ ಭಾರವಾದುದನ್ನೇ ಆರಿಸಿದರು, ತೂಕದ ಮಾಲಿಗೆ ಮೋಸವಿಲ್ಲವಂತೆ. "ದಾರದಾಗೇನೈತಿ" ಎಂದು ದಾರ ಮಾತ್ರ ಅಗ್ಗದ್ದು ತೆಗೆದುಕೊಂಡರು, ಐದನೇ ನಂಬರಿನದು. ಹೀಗೆ ನಾನು ಓದಿದ್ದ ಉಪದೇಶವೆಲ್ಲ ಕಾಲು ಮೇಲಾಗಿ ತಲೆ ಕೆಳಗಾಗಿ ನಿಂತಿತು.

ಬೆಲೆಯ ಮಾತು ಬಂದಾಗ ಇವರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯ ಮೇಲೆ ಹಾಕಿಕೊಂಡು ಚಾಚಿದರು. ಮಾವನವರ ಕಾಲದಲ್ಲಿ ವ್ಯಾಪಾರ ನಡೆಯುತ್ತಿದ್ದುದು ಹಾಗೆ. ಬಾಯಿಂದ ಯಾರೂ ಬೆಲೆ ಹೇಳುತ್ತಿರಲಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ಹೇಳುವುದು, ಸುತ್ತ ನಿಂತವರಿಗೆ ತಿಳಿಯಬಾರದು. ನಾನು ಮಾಲೀಕ ನಕ್ಕಾನೆಂದುಕೊಂಡೆ. ಆದರೆ ಅವನ ಅಪ್ಪ ದನದ ಪೇಟೆಯಲ್ಲಿ ದಲಾಲನಾಗಿದ್ದನಂತೆ. ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು ಭಕ್ತಿಯಿಂದ ಟವೆಲ್ಲಿನ ಕೆಳಗೆ ಇಟ್ಟ. ಇಬ್ಬರೂ ತಲೆ ಎತ್ತಿ ಮಾಡು ನೋಡುತ್ತ ನಿಂತರು. ಟವೆಲ್ಲಿನ ಕೆಳಗೆ ಇಲಿ ಓಡಾಡಿದ ಹಾಗೆ ಆಗುತ್ತಿತ್ತು. ಬಜೆಟ್ಟಿನ ಒಡತಿ ನಾನು, ಪಕ್ಕದಲ್ಲಿ ಪರ್ಸು ಹಿಡಿದು ನಿಂತಿದ್ದೆ.

"ಆತು" ಎಂದರು ಇವರು. "ಆತ್ರಿ" ಎಂದ ಅವನು.

"ಎಷ್ಟಕ್ಕ?" ಎಂದೆ. ಮಡಿಯಲ್ಲಿದ್ದವರನ್ನು ಮುಟ್ಟಿದೆನೋ ಎನ್ನುವ ಹಾಗೆ ಇಬ್ಬರೂ ನನ್ನನ್ನು ನೋಡಿದರು. "ಅದು ಬಾಯಿಲೆ ಹೇಳೂದಲ್ಲ" ಎಂದರು ಇವರು. ದುಡ್ಡನ್ನು ಮರುದಿನ ತಾವೇ ಹೋಗಿ ಕೊಟ್ಟರು. ಬೆಲೆ ನನಗೆ ತಿಳಿಯಲೇ ಇಲ್ಲ.

ಊರ ಹೊರಗಿನ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದವನೊಬ್ಬನಿದ್ದ. ಹಿಡಿದ ಮೀನನ್ನು ತಿರುಗಿ ಬಿಡುತ್ತೇವೆಂದು ಕೇಳಿ ಅವನಿಗೆ ಬಹಳ ಸಂತೋಷವಾಯಿತು. "ಬಿಡೂದಾದ್ರ ಜೀವ ಇರೂತನಕ ಹಿಡೀರಿ" ಎಂದ. ಜಿಲೇಬಿ ಎಂಬ ಮೀನು ಬಹಳ ಇವೆ ಎಂದ. ಆ ಹೆಸರು ಕೇಳಿ ನಾವಿಬ್ಬರೂ ಒಂದು ಕ್ಷಣ ಬೇರೆಯೇ ಯೋಚನೆಯಲ್ಲಿದ್ದೆವು. ಇವರು ದಡದಲ್ಲಿ ನಿಂತು ಬೀಸಿದರು. ದಾರ ಹಗುರ, ಕೋಲು ಗಡಸು. ದಾರ ಮುಂದೆ ಹೋಗುವ ಬದಲು ಇವರ ತಲೆಯ ಮೇಲೆ ಶ್ಯಾವಿಗೆಯ ಹಾಗೆ ಬಿತ್ತು. ಮತ್ತೆ ಬೀಸಿದಾಗ ಜಾಲಿಗೆ ಸಿಕ್ಕಿತು, ಇನ್ನೊಮ್ಮೆ ಮೇಯುತ್ತಿದ್ದ ಎಮ್ಮೆಗೆ. ಎಮ್ಮೆ ಎಳೆದುಕೊಂಡು ಹೋದಷ್ಟು ದೂರ ದಾರ ಚೆನ್ನಾಗಿಯೇ ಓಡಿತು. ರೀಲು ಒಳ್ಳೆಯದು ಎಂದರು ಇವರು.

ಇನ್ನು ಮುಗಿಯಿತು, ಮತ್ತೆ ಯಾರ್ಡಿನ ಚಹಾ ಶುರುವಾಗುತ್ತದೆ ಎಂದುಕೊಂಡೆ. ಹಾಗಾಗಲಿಲ್ಲ. ಬೆಳಗಾದರೆ ಕೋಲು ಹೆಗಲಿಗೇರಿಸಿ, "ಕೆರಿಗೆ ಹೊಂಟೆ" ಎಂದು ಹೋಗುವರು. ಮಧ್ಯಾಹ್ನ ಗೆಲುವಾಗಿ ಬರುವರು. ನಾನು ಹಾವೇರಿಯ ಕಚೇರಿಯಲ್ಲಿ ಬೀಗಿದ್ದೇ ಬೀಗಿದ್ದು. ಗಂಡಂದಿರಿಗೆ ಹವ್ಯಾಸ ಹಚ್ಚುವುದು ಹೇಗೆ ಎಂದು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ಉಪನ್ಯಾಸ ಕೊಟ್ಟೆ. ಒಬ್ಬಾಕೆ ಬರೆದುಕೊಂಡಳು ಕೂಡ. ಅಷ್ಟರಲ್ಲಿ ಹೊಸ ಮಾಲಿನ ಸೀಜನ್ ಬಂತು, ಇವರ ಕೆಮ್ಮು ಮರಳಿ ಬಂತು. ಗಾಳಿಗೆ ಬಂದ ಧೂಳು ಎಂದರು. ನಂಬಿದೆ. ಒಂದು ಭಾನುವಾರ ರೀಲಿಗೆ ಎಣ್ಣೆ ಬಿಡೋಣವೆಂದು ಬಿಚ್ಚಿದೆ. ಸೀನು ಶುರುವಾಯಿತು. ನೀರಿನಲ್ಲಿ ಅದ್ದಿ ತೆಗೆದ ದಾರಕ್ಕೆ ಕೆಸರು ನಾರಬಹುದು, ಪಾಚಿ ನಾರಬಹುದು. ಯಾವ ಕೆರೆಯ ಮೀನೂ ಮೆಣಸಿನಕಾಯಿ ನಾರುವುದಿಲ್ಲ.

ಮರುದಿನ ಸೋಮವಾರ, ಮಾರುಕಟ್ಟೆಯ ದಿನ. ರಜೆ ಹಾಕಿ, ಮೂಗಿಗೆ ಸೆರಗು ಕಟ್ಟಿಕೊಂಡು ಯಾರ್ಡಿಗೆ ಹೋದೆ. ನಮ್ಮ ಅಂಗಡಿಯ ಮುಂದೆ ಜಾತ್ರೆಯ ಹಾಗೆ ಜನ. ಹಮಾಲರು ಚೀಲ ಇಳಿಸಿ ನಿಂತಿದ್ದರು. ರಾಶಿಗಳಿಂದ ನಾಲ್ಕು ಮಾರು ಆಚೆ, ಬೇವಿನ ಗಿಡದ ಕೆಳಗೆ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ನಮ್ಮ ಮನೆಯವರು ಕೋಲು ಹಿಡಿದು ನಿಂತಿದ್ದರು. ಬೀಸಿದರು. ದಾರ ಹೋಗಿ ಕೆಂಪು ರಾಶಿಯ ಮೇಲೆ ಬಿತ್ತು. ಮೆಲ್ಲಗೆ ಎಳೆದರು. ಗಾಳಕ್ಕೆ ಒಂದು ಮೆಣಸಿನಕಾಯಿ ಸಿಕ್ಕಿಕೊಂಡು ತೇಲುತ್ತ ಬಂತು. ಅದನ್ನು ಬಿಡಿಸಿ, ಕಿವಿಗೆ ಹಿಡಿದು, ಮುರಿದು, "ಮಾಲು ಖರೇ ಐತಿ" ಎಂದು ಕೂಗಿ ಹೇಳಿ, ತುಂಡುಗಳನ್ನು ತಿರುಗಿ ರಾಶಿಯ ಕಡೆ ಎಸೆದರು. ಜನ ಸಿಳ್ಳೆ ಹಾಕಿದರು. ಪಕ್ಕದ ಅಂಗಡಿಯವನು, "ಸಾಹುಕಾರ್ರ, ನಮ್ಮ ರಾಶಿಗೂ ಒಂದು ಗಾಳ ಒಗೀರಿ" ಎಂದು ಕರೆಯುತ್ತಿದ್ದ.

ನನ್ನನ್ನು ಕಂಡು ಅವರು ಕೋಲು ಇಳಿಸಿದರು. "ಡಾಕ್ಟರ್ ಧೂಳಿನಿಂದ ದೂರ ಇರ್ರಿ ಅಂದಿದ್ರು" ಎಂದರು. "ದೂರನ ಅದೇನಿ." ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಎಂಥ ಕೆಮ್ಮೆಂದರೆ ಬೇವಿನ ಗಿಡ ಹಿಡಿದು ಬಾಗಬೇಕಾಯಿತು. ಸಿಳ್ಳೆ ಹಾಕುತ್ತಿದ್ದವನೊಬ್ಬ ನೀರು ತರಲು ಓಡಿದ. ನನಗೆ ನಗು ಬರುವ ದೃಶ್ಯವೇ ಅದು, ಆದರೆ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. "ನಿಮಗ ಕಾಯಿ ಬೇಕು, ಮಂದಿ ಬೇಕು, ಸಿಳ್ಳಿ ಬೇಕು. ಉಸಿರೊಂದು ಬ್ಯಾಡಾಗೇತಿ. ಉಸಿರು ನಿಮ್ಮದಿರಬಹುದು, ಅದನ್ನ ರಾತ್ರಿ ಎಲ್ಲಾ ಕೇಳಿಕೋಂತ ಮಲಗಾಕಿ ನಾನು." ಹೇಳುತ್ತ ಅಳು ಬಂತು. ಅವರು ಕೋಲನ್ನು ಗೋಡೆಗೆ ಒರಗಿಸಿ ಅಂದರು: "ಕೆರಿ ದಂಡ್ಯಾಗ ಎಲ್ಲಾ ಚಲೋ ಐತಿ. ಆದ್ರ ಅಲ್ಲಿ ನನ್ನ ಯಾರೂ ಏನೂ ಕೇಳೂದಿಲ್ಲ." ಇಷ್ಟು ಸಣ್ಣ ಮಾತು. ಅದಕ್ಕೆ ಬೈಯುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮೊದಲು ಈರಣ್ಣನನ್ನು ಕರೆಸಿ ಹೇಳಿದೆ: "ಮಾಲು ಇವ್ರ ಕಡೆ ಬರಲಿ, ಇವ್ರು ಮಾಲಿನ ಕಡೆ ಬರೂದಿಲ್ಲ." ಆಮೇಲೆ ರಾಣೆಬೆನ್ನೂರಿಗೆ ಒಬ್ಬಳೇ ಹೋಗಿ ಆ ಎರಡನೆಯ ಕೋಲನ್ನು, ನೀರಲ್ಲಿ ಅದ್ದಿ ತಂದಂಗಿದ್ದದ್ದನ್ನು, ಅಗ್ಗದ ರೀಲಿನ ಜೊತೆ ತೆಗೆದುಕೊಂಡೆ. ಬೆಲೆಯನ್ನು ಬಾಯಿಂದಲೇ, ಅಂಗಡಿ ಸಾಲಿಗೆಲ್ಲ ಕೇಳುವ ಹಾಗೆ ಚೌಕಾಶಿ ಮಾಡಿದೆ. ಬರುವಾಗ, "ಆವತ್ತಿನ ರೇಟು ಎಷ್ಟರಿ?" ಎಂದು ಮಾಲೀಕನನ್ನು ಕೇಳಿದೆ. ಅವನು ಕಿವಿ ಮುಟ್ಟಿಕೊಂಡ. "ಅದು ಹೇಳಬಾರದ್ರಿ ಅಕ್ಕಾರ. ಬೇಕಾದ್ರ ಬೆರಳಿನ ಲೆಕ್ಕ ಕಲಿಸ್ತೇನಿ." ಯಾವ ಬೆರಳಿಗೆ ಎಷ್ಟು, ಅಂಗೈ ಒತ್ತಿದರೆ ಎಷ್ಟು ಎಂದು ತನ್ನ ಕೈಯ ಮೇಲೆ ತಾನೇ ತೋರಿಸಿಕೊಟ್ಟ.

ಹಸಿ ಕೋಲನ್ನು ಇವರು ಮುಟ್ಟಲಿಲ್ಲ. "ಬಾಗೂ ಮಾಲು ನಾ ಹಿಡಿಯೂದಿಲ್ಲ" ಎಂದರು. ಹಟಕ್ಕೆ ನಾನೇ ಹಿಡಿದೆ. ರಜೆಯ ದಿನಗಳಲ್ಲಿ ಸೆರಗು ಸಿಕ್ಕಿಸಿಕೊಂಡು ಕೆರೆಯ ದಡದಲ್ಲಿ ಬೀಸುವುದು, ಇವರು ಕಟ್ಟೆಯ ಮೇಲೆ ಕುಳಿತು ತಪ್ಪು ತಿದ್ದುವುದು. "ಲಗೂ ಮಾಡಬ್ಯಾಡ. ಹಿಂದಕ ಹೋದ ದಾರ ಪೂರ್ತಿ ಬಿಚ್ಚಲಿ. ಈಗ ಒಗಿ." ಸರಿಯಾಗಿಯೇ ಹೇಳುತ್ತಿದ್ದರು; ನೋಡುವುದರಲ್ಲಿ ಅವರ ಕಣ್ಣಿಗೆ ಸರಿಸಾಟಿ ಇಲ್ಲ. ನಾನೂ ಬೇಕೆಂದೇ ಹತ್ತು ಮಾತಿಗೆ ಒಮ್ಮೆ, "ಇದು ಹೆಂಗಾತು ನೋಡ್ರಿ" ಎನ್ನುತ್ತಿದ್ದೆ. ಈರಣ್ಣ ಎರಡು ಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಕಟ್ಟೆಗೇ ತಂದು ತೋರಿಸುವನು. ಇವರು ಬಿಸಿಲಿಗೆ ಹಿಡಿದು ನೋಡಿ ಅಭಿಪ್ರಾಯ ಹೇಳುವರು. ಮುರಿಯುವ ಕೆಲಸ ಈರಣ್ಣನದು, ಅದೂ ಗಾಳಿಯ ಆಚೆ ಬದಿಗೆ ಹೋಗಿ.

ಒಂದು ಬೆಳಿಗ್ಗೆ ಕೋಲು ಬಾಗಿತು. ನಾನು ಬಗ್ಗಿಸಿದ್ದಲ್ಲ, ತಾನಾಗಿಯೇ ಬಾಗಿತು. ನಾನು ಅಲ್ಲಮಪ್ರಭುವನ್ನು ನೆನೆದೆನೋ ನಮ್ಮವ್ವನನ್ನು ನೆನೆದೆನೋ ಗೊತ್ತಿಲ್ಲ. ದಾರ ಎಳೆದಾಗ ಅಂಗೈಯಗಲದ ಜಿಲೇಬಿ ಮೀನೊಂದು ಪಟಪಟ ಬಡಿಯುತ್ತ ಬಂತು. ಮುಟ್ಟುವ ಧೈರ್ಯ ನನಗಿರಲಿಲ್ಲ. ಇವರು ಕಟ್ಟೆಯಿಂದ ಇಳಿದು ಬಂದರು. ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದರು. ಗಾಳ ಬಿಡಿಸಿದರು. ಹೊರಳಿಸಿ ಬಣ್ಣ ನೋಡಿದರು. ಕೈಯಲ್ಲಿ ತೂಗಿದರು. ಅಭ್ಯಾಸಬಲ, ಒಂದು ಚೂರು ಬಗ್ಗಿಸಿಯೂ ನೋಡಿದರು.

"ಹೆಂಗೈತ್ರಿ ಮಾಲು?" ಎಂದೆ.

"ಬಣ್ಣ ಅಡ್ಡಿ ಇಲ್ಲ" ಎಂದರು. "ತೇವ ಜಾಸ್ತಿ." ಹೇಳಿ ನೀರಿಗೆ ಬಿಟ್ಟರು. ಆಮೇಲೆ ಆ ಹಸಿ ಕೋಲನ್ನು ನನ್ನ ಕೈಯಿಂದ ಇಸಿದುಕೊಂಡರು.

ಈಗ ನಾನು ನಿವೃತ್ತಳು. ಹಾವೇರಿಗೆ ಹೋಗುವುದು ಅದೇ ಡಾಕ್ಟರಿಗೆ ಇವರನ್ನು ತೋರಿಸಲಿಕ್ಕೆ ಮಾತ್ರ. ಪುಪ್ಪುಸ ಮುಂದೂ ಹೋಗಿಲ್ಲ, ಹಿಂದೂ ಬಂದಿಲ್ಲ ಎನ್ನುತ್ತಾರೆ. ಧಾರಣೆ ಸ್ಥಿರ ಎಂದು ಇವರು ಅರ್ಥ ಮಾಡಿಕೊಂಡಿದ್ದಾರೆ. ಕೆರೆಯ ಕಟ್ಟೆಗೆ ಪ್ಲಾಸ್ಟಿಕ್ ಕುರ್ಚಿ ಹೋಗುತ್ತದೆ, ಜೇಬಿನಲ್ಲಿ ಉಸಿರಿನ ಪಂಪು ಹೋಗುತ್ತದೆ. ಮೊನ್ನೆ ನನ್ನ ಅಗ್ಗದ ರೀಲಿನ ಹಿಡಿಕೆ ಮುರಿಯಿತು. ಅದಕ್ಕೇ ನಿನ್ನೆ ಅಟ್ಟ ಹತ್ತಿ ಹಳೆಯ ರೀಲು ಹುಡುಕಿದ್ದು; ಇವರು ಅದನ್ನು ಬೆಳ್ಳಿಯ ಹಾಗೆ ಸುತ್ತಿಟ್ಟಿದ್ದಾರೆಂದು ಎಣಿಸಿರಲಿಲ್ಲ.

ಏಣಿ ಇಳಿದು ಬಂದು, "ಸೋಪಿನ ನೀರಾಗ ಅದ್ದಿ ಇಡ್ತೇನಿ, ಘಾಟು ಹೋಗಲಿ" ಎಂದೆ. ಅವರು ರೀಲನ್ನು ಇಸಿದುಕೊಂಡು ಮೂಗಿನ ಹತ್ತಿರ ತಂದು, ಡಾಕ್ಟರನ್ನು ನೆನೆದವರ ಹಾಗೆ ಅರ್ಧದಲ್ಲೇ ತಡೆದು, ಮೊಳದುದ್ದ ದೂರ ಹಿಡಿದರು. "ತೊಳಿಬ್ಯಾಡ. ಇಷ್ಟರ ಇರಲಿ" ಎಂದರು. ಮೊದಲಾಗಿದ್ದರೆ ಕಸಿದುಕೊಂಡು ತೊಳೆದೇ ಬಿಡುತ್ತಿದ್ದೆ. ಸುಮ್ಮನೆ ಅವರ ಪಕ್ಕದಲ್ಲಿ ಕುಳಿತೆ. ರೀಲು ಸುತ್ತಿದ್ದ ಟವೆಲ್ಲು ನನ್ನ ಮಡಿಲಲ್ಲಿತ್ತು, ಆವತ್ತಿನದೇ ಟವೆಲ್ಲು.

"ರೀ, ಈಗರ ಹೇಳ್ರಿ. ಆವತ್ತು ಎಷ್ಟಕ್ಕ ತಗೊಂಡ್ರಿ?"

ಅವರು ಟವೆಲ್ಲನ್ನು ಎತ್ತಿ ಜಾಡಿಸಿದರು, ತಮ್ಮ ಕೈಯ ಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದರು. ನಾನು ಕೈ ಇಟ್ಟೆ. ಬೀದಿಯ ಬಾಗಿಲು ತೆರೆದಿರುವಾಗ ನಾವು ಹೀಗೆ ಕುಳಿತವರಲ್ಲ. ಅವರು ಮಾಡು ನೋಡುತ್ತ ನನ್ನ ಬೆರಳುಗಳನ್ನು ನಿಧಾನವಾಗಿ ಒತ್ತಿದರು. ಲೆಕ್ಕ ನನಗೆ ತಿಳಿಯಿತು. ಮೂರು ಸೀರೆ, ಮೇಲೊಂದು ಕುಪ್ಪಸದ ಖಣ. ಜಗಳ ತೆಗೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಅವರ ಕೈ ಬೆಚ್ಚಗಿತ್ತು. ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು.

"ತಿಳೀತೇನು?" ಎಂದರು.

"ಇಲ್ಲ" ಎಂದೆ.

"ಹಂಗಾರ ಕೈ ತಗೀಬ್ಯಾಡ. ಇನ್ನೊಮ್ಮೆ ಹೇಳ್ತೇನಿ."